ನಾಲ್ಕು ಲೋಕಸಭಾ ಕ್ಷೇತ್ರ, ಒಂದು ಮೈಕಿನ ಆಟೋ

ನನಗೆ ಮೂವತ್ತೊಂದು ವರ್ಷ. ನಿವೃತ್ತಿಯಾಗಿದೆ. ನಗೋದಿದ್ದರೆ ಈಗಲೇ ನಕ್ಕುಬಿಡಿ, ಮಧ್ಯೆ ತೊಂದರೆ ಕೊಡಬೇಡಿ. ನನಗೆ ಯಾರೂ ಶಾಲು ಹೊದಿಸಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ, "ಇವರ ಸೇವೆ ಅವಿಸ್ಮರಣೀಯ" ಅಂತ ಭಾಷಣ ಮಾಡಲಿಲ್ಲ. ಬೇಕಿದ್ದರೆ ಆ ಭಾಷಣವನ್ನ ಹತ್ತು ಜನರ ಧ್ವನಿಯಲ್ಲಿ ನಾನೇ ಮಾಡಬಲ್ಲೆ, ಅದು ಬೇರೆ ವಿಷಯ. ಚುನಾವಣೆ ಬಂತು ಅಂದರೆ ನಿಮ್ಮ ಬೀದಿಯಲ್ಲಿ ಒಂದು ಆಟೋ "ಮತದಾರ ಬಂಧುಗಳೇ" ಅಂತ ಕೂಗಿಕೊಂಡು ಹೋಗುತ್ತಲ್ಲ? ಮಧ್ಯಾಹ್ನದ ನಿದ್ದೆ ಹಾಳಾಯ್ತು ಅಂತ ನೀವು ಬೈತೀರಲ್ಲ? ವಿಜಯನಗರದಿಂದ ಕೆಂಗೇರಿವರೆಗೆ ಆ ಬೈಗುಳದ ಬಹುಪಾಲು ತಿಂದು ಬೆಳೆದ ದೇಹ ಇದು.

ನನ್ನನ್ನ ರಿಟೈರ್ ಮಾಡಿಸಿದ್ದು ವಯಸ್ಸಲ್ಲ, ಒಂದು ಫೋನು. ಹೋದ ಲೋಕಸಭಾ ಚುನಾವಣೆಯಲ್ಲಿ ಒಬ್ಬ ದೊಡ್ಡ ಅಭ್ಯರ್ಥಿಯ ಆಫೀಸಿನ ಹುಡುಗರು ಕರೆದು, "ಬ್ರೋ, ಈ ಫೋನಿಗೆ ಎರಡು ನಿಮಿಷ ಸುಮ್ನೆ ಮಾತಾಡಿ" ಅಂದರು. ಮಾತಾಡಿದೆ. ಟೀ ಕುಡಿಸಿ ಕಳಿಸಿದರು. ಮರುದಿನ ಮಲ್ಲತ್ತಹಳ್ಳಿ ಸರ್ಕಲ್ಲಲ್ಲಿ ನಿಂತಿದ್ದೀನಿ, ನನ್ನ ಧ್ವನಿ ಆಟೋದಲ್ಲಿ ಬಂತು! ಕೆಮ್ಮಿಲ್ಲ, ದಮ್ಮಿಲ್ಲ, ನಾನು ಹೇಳದೇ ಇರೋ ಮಾತೆಲ್ಲ ನನಗಿಂತ ಚೆನ್ನಾಗಿ ಹೇಳಿಕೊಂಡು ಹೋಯ್ತು. ಮಿಮಿಕ್ರಿಯಲ್ಲಿ ಊರವರ ಧ್ವನಿಯನ್ನೆಲ್ಲ ಕದ್ದು ಹೊಟ್ಟೆ ಹೊರೆದವನ ಧ್ವನಿಯನ್ನೇ ಕದ್ದರಲ್ಲ ಗುರು, ನ್ಯಾಯ ಅಂದರೆ ಇದೇ ಇರಬೇಕು. ಹಾಗಾಗಿ ನನ್ನ ಧ್ವನಿ ಇನ್ನೂ ಸರ್ವೀಸಲ್ಲಿದೆ, ನಾನು ಮಾತ್ರ ಮನೇಲಿದೀನಿ.

ಆದರೂ ಈ ಕೆಲಸಕ್ಕೆ ಬರೋ ಹುಡುಗರು ಇದಾರೆ. ಫೋನಿಗೆ ಬಾಯಿದೆ, ಕಣ್ಣಿಲ್ಲ. ಅದಕ್ಕೇ ಇದನ್ನ ಬರೀತಿದೀನಿ.

ನನ್ನ ಗುರು ಅನ್ವರಣ್ಣ. ಆಟೋ ಅವರದು, ಮೈಕು ಅವರದು, ಬೈಗುಳವೂ ಅವರದೇ. ಮೊದಲ ದಿನ ನಾನು ಕಾಲೇಜಿನ ಚರ್ಚಾಸ್ಪರ್ಧೆಯ ಠೀವಿಯಲ್ಲಿ, "ನಾಡಿನ ಸರ್ವತೋಮುಖ ಅಭಿವೃದ್ಧಿಯ ಹರಿಕಾರರೂ, ಬಡವರ ಆಶಾಕಿರಣವೂ ಆದ..." ಅಂತ ಶುರು ಮಾಡಿದೆ. ಅನ್ವರಣ್ಣ ಬ್ರೇಕ್ ಹಾಕಿ ಹಿಂದೆ ತಿರುಗಿದರು.

"ಏನ್ ಮಾತಾಡ್ತಾ ಇದೀಯಾ ಮಿಯಾ? ಒಂದು ಮನೆ ಮುಂದೆ ಆಟೋ ಎಷ್ಟೊತ್ತು ಇರುತ್ತೆ? ಮೊದಲನೇ ಮನೆಗೆ 'ನಾಡಿನ' ಕೇಳ್ತು. ಎರಡನೇ ಮನೆಗೆ 'ಹರಿಕಾರ' ಕೇಳ್ತು. ಮೂರನೇ ಮನೆಗೆ 'ಕಿರಣ' ಕೇಳ್ತು. ಹೆಸರು ಬರೋ ಹೊತ್ತಿಗೆ ಬೀದಿನೇ ಮುಗೀತು!"

ಆ ಬೈಗುಳವೇ ಈ ವೃತ್ತಿಯ ಅರ್ಧ ವಿದ್ಯೆ. ನಿಮ್ಮ ಮಾತಿನ ಉದ್ದ ಒಂದು ಗೇಟಿನಿಂದ ಇನ್ನೊಂದು ಗೇಟಿನಷ್ಟು. ಪ್ರತಿ ಮನೆಗೂ ಹೆಸರು, ಗುರುತು, ತಾರೀಖು ಬೀಳಬೇಕು. ಮೂವತ್ತು ನಲವತ್ತರ ಸೈಟು ಸಾಲಾಗಿರೋ ಬೀದಿಯಲ್ಲಿ ಒಂದು ಲೆಕ್ಕ, ಬಸವೇಶ್ವರನಗರದ ಅಗಲ ಕಾಂಪೌಂಡಿನ ಹಳೇ ಮನೆಗಳ ಮುಂದೆ ಇನ್ನೊಂದು. ಆಸ್ಪತ್ರೆ ಬಂದರೆ ಬಂದ್, ಸ್ಕೂಲ್ ಬಂದರೆ ಬಂದ್, ಹೆಣ ಎದುರು ಬಂದರೆ ಮೈಕ್ ಆಫ್ ಮಾಡಿ ಕೈ ಮುಗಿ. ಫೋನಿಗೆ ಕಣ್ಣಿಲ್ಲ ಅಂದಿದ್ದು ಅದಕ್ಕೇ.

ಉಳಿದರ್ಧ ವಿದ್ಯೆ ಗಡಿ. ಇದನ್ನ ನಾನು ಕಲಿತಿದ್ದು ಮರ್ಯಾದೆ ಕಳಕೊಂಡು.

ನಮ್ಮ ಪಶ್ಚಿಮ ಬೆಂಗಳೂರು ಸಂಸತ್ತಿನ ಲೆಕ್ಕದಲ್ಲಿ ಒಂದು ಊರೇ ಅಲ್ಲ ಸ್ವಾಮಿ. ರಾಜಾಜಿನಗರದವರು ಬೆಂಗಳೂರು ಕೇಂದ್ರ, ವಿಜಯನಗರದವರು ದಕ್ಷಿಣ, ಕೆಂಗೇರಿಯವರು ಉತ್ತರ. ಹೌದು, ಕೆಂಗೇರಿ ಉತ್ತರ! ದಿಕ್ಸೂಚಿ ಹಿಡಿದು ಜಗಳಕ್ಕೆ ಬರಬೇಡಿ. ಇನ್ನು ರಾಜರಾಜೇಶ್ವರಿನಗರ, ಮಲ್ಲತ್ತಹಳ್ಳಿ? ಲಿಫ್ಟು, ಮಾಲು, ಮೆಟ್ರೋ ಎಲ್ಲ ಇಟ್ಟುಕೊಂಡು ಬೆಂಗಳೂರು ಗ್ರಾಮಾಂತರ. ಹದಿನಾಲ್ಕನೇ ಮಹಡಿಯಲ್ಲಿ ಕೂತು ಆನ್‌ಲೈನಲ್ಲಿ ಮೊಸರು ತರಿಸೋ ಅಪಾರ್ಟ್‌ಮೆಂಟಿನ ಅಂಕಲ್‌ಗೆ "ಸಾರ್, ನೀವು ಗ್ರಾಮಾಂತರ" ಅಂದಾಗ ಅವರು ಮಾಡೋ ಮುಖ ಇದೆಯಲ್ಲ, ನನ್ನ ಅತ್ಯುತ್ತಮ ಮಿಮಿಕ್ರಿಗಳಲ್ಲಿ ಅದೂ ಒಂದು. ಎಂಟು ವಿಧಾನಸಭಾ ಕ್ಷೇತ್ರ ಸೇರಿಸಿ ಒಂದು ಲೋಕಸಭಾ ಕ್ಷೇತ್ರ ಮಾಡ್ತಾರೆ. ಸೇರಿಸೋರು ನಕ್ಷೆ ನೋಡ್ತಾರೆ, ನಾವು ಬೀದಿ ನೋಡ್ತೀವಿ. ತಾಪತ್ರಯ ಶುರುವಾಗೋದೇ ಅಲ್ಲಿ.

ಹೊಸದರಲ್ಲಿ, ನನ್ನ ಹೆಸರಿನ್ನೂ ಮತದಾರರ ಪಟ್ಟಿ ಸೇರದ ಕಾಲದಲ್ಲಿ, ಒಂದು ಸಲ ದಕ್ಷಿಣದ ಅಭ್ಯರ್ಥಿಗೆ ಕೂಗಿಕೊಂಡು ನಾಗರಬಾವಿ ದಾಟಿದ್ದು ಗೊತ್ತಾಗಲಿಲ್ಲ. ಮಲ್ಲತ್ತಹಳ್ಳಿಯ ಬೀದಿ ಬೀದಿ ಸುತ್ತಿ ಗಂಟಲು ಹರಕೊಂಡೆ. ಜನ ಬಾಲ್ಕನಿಗೆ ಬಂದು ಕೈ ಬೀಸ್ತಿದ್ದರು. ನಾನೂ ಉಬ್ಬಿಹೋಗಿ, "ನೋಡಿ ಅನ್ವರಣ್ಣ, ಅಲೆ ಎದ್ದಿದೆ" ಅಂದೆ. ಕೊನೆಗೊಬ್ಬ ಅಜ್ಜ ಆಟೋ ಅಡ್ಡ ಹಾಕಿ, "ಮಗಾ, ಆಗಿಂದ ಕೈ ಬೀಸಿ ಹೇಳ್ತಾ ಇದೀವಿ, ವಾಪಸ್ ಹೋಗು ಅಂತ. ಈ ಮನುಷ್ಯನಿಗೆ ಇಲ್ಲಿ ಒಂದು ಓಟೂ ಹಾಕಕ್ಕೆ ಬರಲ್ಲ ಕಣೋ" ಅಂದರು. ಅಲೆಯ ಮೇಲೆ ಕೂತು ವಾಪಸ್ ಬಂದೆವು.

ಇನ್ನೊಂದು ಮಾತು. ಜನ ಮೈಕ್ ಹಿಡಿದವನನ್ನ ಚುನಾವಣಾ ಆಯೋಗ ಅಂದ್ಕೊಂಡಿರ್ತಾರೆ. "ಅಣ್ಣ, ನಾನು ಸೀದಾ ಪ್ರಧಾನಮಂತ್ರಿಗೇ ಹಾಕ್ತೀನಿ, ಮಧ್ಯದಲ್ಲಿ ಇವನ್ಯಾರು?" ಅಂತ ಕೇಳ್ತಾರೆ. ಹಾಗೆ ಹಾಕೋ ಬಟನ್ನೇ ಇಲ್ಲ. ನೀವು ನಿಮ್ಮ ಕ್ಷೇತ್ರದ ಒಬ್ಬರನ್ನ ಲೋಕಸಭೆಗೆ ಕಳಿಸ್ತೀರಿ, ದೇಶದಿಂದ ಹಾಗೆ ಬಂದ ಐನೂರ ನಲವತ್ಮೂರು ಜನರಲ್ಲಿ ಹೆಚ್ಚಿನವರು ಯಾರ ಬೆನ್ನಿಗೆ ನಿಲ್ತಾರೋ ಅವರು ಪ್ರಧಾನಿ. "ರಾಜ್ಯಸಭೆಗೆ ನಾವು ಯಾವತ್ತು ಹಾಕೋದು?" ಅಂತ ಕೇಳಿದವರಿಗೆ ಹೇಳಿ, ಯಾವತ್ತೂ ಇಲ್ಲ. ಅದಕ್ಕೆ ನೀವು ಗೆಲ್ಲಿಸಿದ ಶಾಸಕರು ಹಾಕ್ತಾರೆ. ಆ ಮನೆ ಪೂರ್ತಿ ವಿಸರ್ಜನೆ ಅನ್ನೋದೇ ಇಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದವರು ಎದ್ದು ಹೋಗ್ತಾರೆ, ಹೊಸಬರು ಬಂದು ಕೂರ್ತಾರೆ.

ಇಷ್ಟೆಲ್ಲ ಮೈಕಿನವನಿಗೆ ಹೇಗೆ ಗೊತ್ತು ಅಂತೀರಾ? ಹೇಮಾವತಿ ಟೀಚರ್ ಕಾರಣ. ಮಲ್ಲತ್ತಹಳ್ಳಿ ಕಡೆ ಹೈಸ್ಕೂಲಿನಲ್ಲಿ ನನಗೆ ಸಮಾಜ ಪಾಠ ಮಾಡಿದವರು. ಮೂಗಿನ ತುದೀಲಿ ಕನ್ನಡಕ, ಕೈಯಲ್ಲಿ ಡಸ್ಟರ್. "ಇಪ್ಪತ್ತೈದು ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಯಾರು ಬೇಕಾದರೂ ಲೋಕಸಭೆಗೆ ನಿಲ್ಲಬಹುದು. ಯಾ-ರು ಬೇ-ಕಾ-ದ-ರೂ!" ಆ "ಬೇಕಾದರೂ" ಅನ್ನೋವಾಗ ಡಸ್ಟರಿನಿಂದ ಮೇಜು ಕುಟ್ತಿದ್ದರು. ನಾನು ಬದುಕಿನಲ್ಲಿ ಮೊದಲು ಮಾಡಿದ ಮಿಮಿಕ್ರಿ ಅದು, ಮೊದಲು ತಿಂದ ಏಟೂ ಅದಕ್ಕೇ.

ಹೋದ ಲೋಕಸಭಾ ಚುನಾವಣೆ ಘೋಷಣೆಯಾದ ವಾರ ಅವರು ಬಸವೇಶ್ವರನಗರದ ಅವರ ಮನೆ ಹತ್ತಿರ ಸಿಕ್ಕರು. ರಿಟೈರಾಗಿದ್ದರು, ಕೈಯಲ್ಲಿ ತರಕಾರಿ ಚೀಲ. ನನ್ನ ಬಾಯಿ ಸುಮ್ಮನಿರಬೇಕಲ್ಲ? ಅವರ ಧ್ವನಿಯಲ್ಲೇ ಕೇಳಿದೆ, "ಟೀಚರ್, ಯಾ-ರು ಬೇ-ಕಾ-ದ-ರೂ ನಿಲ್ಲಬಹುದು ಅಂದ್ರಲ್ಲ? ಇಷ್ಟು ಚುನಾವಣೆ ಕೂಗಿದೀನಿ, ಆ ಯಾರು ಬೇಕಾದವರು ಒಬ್ಬರೂ ಸಿಕ್ಕಿಲ್ಲ. ಸಿಕ್ಕೋರೆಲ್ಲ ಬೇಕಾದವರೇ. ಮಕ್ಕಳಿಗೆ ಸುಳ್ಳು ಹೇಳಿಬಿಟ್ರಿ."

ನಗ್ತಾರೆ ಅಂದ್ಕೊಂಡೆ. ನಗಲಿಲ್ಲ. ಚೀಲ ಕೆಳಗಿಟ್ಟರು.

"ಅಷ್ಟು ವರ್ಷ ಪಾಠ ಮಾಡಿದೀನಿ ಕಣೋ. ಸುಳ್ಳು ಅಂತೀಯಾ?"

"ತಮಾಷೆಗೆ ಅಂದೆ ಟೀಚರ್."

"ನಾನು ತಮಾಷೆಗೆ ಹೇಳಿರಲಿಲ್ಲ. ನಿಲ್ತೀನಿ. ಗೆಲ್ಲೋದು ಸೋಲೋದು ನನಗೆ ಬೇಡ, ಯಂತ್ರದ ಮೇಲೆ ನನ್ನ ಹೆಸರು ಬರಬೇಕು. ನಿಮಗೆಲ್ಲ ಪಾಠ ಮಾಡಿದ ಕ್ಷೇತ್ರದಲ್ಲೇ ನಿಲ್ತೀನಿ, ಗ್ರಾಮಾಂತರದಲ್ಲಿ. ಸೂಚಕರನ್ನ ಹುಡುಕೋದು ನಿನ್ನ ಕೆಲಸ."

ಗಮನಿಸಿ ಹುಡುಗರೇ, ಟೀಚರ್ ಓಟು ಇರೋದು ಬಸವೇಶ್ವರನಗರದಲ್ಲಿ, ಅಂದರೆ ಬೆಂಗಳೂರು ಕೇಂದ್ರದಲ್ಲಿ. ಆದರೂ ದೇಶದ ಯಾವುದಾದರೂ ಒಂದು ಕ್ಷೇತ್ರದ ಮತದಾರರಾಗಿದ್ದರೆ ಲೋಕಸಭೆಗೆ ಬೇರೆ ಕಡೆಯಿಂದಲೂ ನಿಲ್ಲಬಹುದು. ಸೂಚಕರ ವಿಷಯದಲ್ಲಿ ಈ ಔದಾರ್ಯ ಇಲ್ಲ. ಮಾನ್ಯತೆ ಇರೋ ದೊಡ್ಡ ಪಕ್ಷದ ಅಭ್ಯರ್ಥಿಗೆ "ಇವರ ಹೆಸರನ್ನ ಸೂಚಿಸ್ತೀನಿ" ಅಂತ ಒಬ್ಬರು ಸಹಿ ಹಾಕಿದರೆ ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಜನ ಆ ಕ್ಷೇತ್ರದ ಮತದಾರರೇ ಆಗಿರಬೇಕು. ಒಬ್ಬರು ತಪ್ಪಿದರೂ ನಾಮಪತ್ರ ಹೋಯ್ತು.

ಹತ್ತು ಜನ ತಾನೆ, ನನ್ನ ಚಿಟಿಕೆ ಕೆಲಸ ಅಂದೆ. ಮೊದಲನೆಯವನು ನಾನೇ, ನನ್ನ ಓಟು ಮಲ್ಲತ್ತಹಳ್ಳೀಲಿದೆ. ಹಳೇ ವಿದ್ಯಾರ್ಥಿಗಳು ಅಂತ ಎಂಟು ಜನ ಸಿಕ್ಕರು. ಹತ್ತನೆಯವನು ನನ್ನ ಕ್ಲಾಸ್‌ಮೇಟ್ ರಂಗಸ್ವಾಮಿ, "ಕೊನೇ ದಿನ ಬೆಳಗ್ಗೆ ಬಂದು ಹಾಕ್ತೀನಿ ಮಚ್ಚಾ" ಅಂದ. ಕೊನೇ ದಿನ ಬೆಳಗ್ಗೆ ಟೀಚರ್ ಜೊತೆ ಅವನ ಬೀದೀಲಿ ಆಟೋ ನಿಲ್ಲಿಸಿದೆವು, ಬಂದ. ಪೆನ್ನೂ ಹಿಡಿದ. ಟೀಚರ್ ಕನ್ನಡಕ ಏರಿಸಿ ಅವನ ಮತದಾರರ ಸಂಖ್ಯೆಯನ್ನ ಫೋನಿನಲ್ಲಿ ಹೊಡೆದು ನೋಡಿದರು.

"ರಂಗಸ್ವಾಮಿ, ನೀನು ದಕ್ಷಿಣ ಕಣೋ."

"ಇಲ್ಲ ಟೀಚರ್, ಇಲ್ಲೇ ಇರೋದು, ಆ ಹಳದಿ ಬಿಲ್ಡಿಂಗು."

"ಮನೆ ಇಲ್ಲಿದೆ. ಓಟು?"

ಆಗ ಬಾಯಿಬಿಟ್ಟ. ಮೊದಲು ರಸ್ತೆಯ ಆಚೆ ಮಗ್ಗುಲಿನಲ್ಲಿ ಬಾಡಿಗೆಗಿದ್ದನಂತೆ. ನೀರು ಸರಿಯಾಗಿ ಬರಲ್ಲ ಅಂತ ಈಚೆಗೆ ಬಂದ. ಸಿಲಿಂಡರ್ ಬಂತು, ಹೆಂಡತಿ ಮಕ್ಕಳು ಬಂದರು, ಓಟು ಮಾತ್ರ ಆಚೆಯೇ ಉಳೀತು. ಆಚೆ ಮಗ್ಗುಲು ಬೆಂಗಳೂರು ದಕ್ಷಿಣ, ಈಚೆ ಗ್ರಾಮಾಂತರ. ಒಂದು ರಸ್ತೆ ದಾಟಿದ್ದಕ್ಕೆ ಟೀಚರ್ ಲೋಕಸಭೆ ಹೋಯ್ತು! ನಾಮಪತ್ರ ಕೊಡಬೇಕಾಗಿದ್ದು ರಾಮನಗರದಲ್ಲಿ, ಮಧ್ಯಾಹ್ನ ಮೂರರೊಳಗೆ. ಹತ್ತನೇ ಸಾಲು ಬೆಳ್ಳಗೆ ಖಾಲಿ.

"ಮೈಕ್ ಹಾಕಿ ಅನ್ವರಣ್ಣ, ಬೀದೀಲಿ ಕೂಗಿ ಒಬ್ಬರನ್ನ ಕರೀತೀನಿ!"

"ಪರ್ಮಿಶನ್ ಇಲ್ದೆ ಮೈಕ್ ಮುಟ್ಟಿದ್ರೆ ಕೈ ಮುರೀತೀನಿ. ಟೀಚರಮ್ಮನ ಫಾರಂ ಜೊತೆ ನನ್ನ ಆಟೋನೂ ಹೋಗ್ಲಾ?"

ಮೈಕಿಲ್ಲ, ಗಂಟಲಿದೆ. ಆ ಹೊತ್ತಿಗೆ ಯಾರೂ ಬಾಗಿಲು ತೆಗೆಯಲ್ಲ, ಬೆಲ್ ಹೊಡೆದರೆ ಕ್ಯಾಮರಾದಲ್ಲಿ ನೋಡಿ ಸುಮ್ಮನಾಗ್ತಾರೆ. ಆದರೆ ಕೆಲವು ಕೂಗಿಗೆ ಬೆಂಗಳೂರಿನ ಎಲ್ಲ ಬಾಗಿಲೂ ತೆಗೆಯುತ್ತೆ. ಬೀದಿಯ ತುದೀಲಿ ನಿಂತು ಹೊಟ್ಟೆಯಿಂದ ಎತ್ತಿದೆ: "ಹಳೇ ಪೇಪರ್ರ್ರ್, ಹಳೇ ಕಬ್ಬ್ಣಾಆಆ!"

ಬಾಗಿಲುಗಳು ಪಟಪಟ ತೆಗೆದವು. ಒಬ್ಬರು ಪೇಪರ್ ಕಟ್ಟು, ಒಬ್ಬರು ಮುರಿದ ಫ್ಯಾನು ತಗೊಂಡು ಬಂದರು. ನಾನು ಫ್ಯಾನು ಹೊತ್ತಿದ್ದ ಅಂಕಲ್ ಕಾಲಿಗೆ ಬೀಳೋ ಹಾಗೆ, "ಸಾರ್, ನಿಮ್ಮ ಓಟು ಎಲ್ಲಿ?" ಅಂದೆ. "ಹಾಸನ" ಅಂದರು. ಪೇಪರಿನವರದು ಮಂಡ್ಯ. ಮೇಲಿನ ಮಹಡಿಯಿಂದ ಡೆಲಿವರಿ ಹುಡುಗನೊಬ್ಬ ಹೆಲ್ಮೆಟ್ ಹಾಕಿಕೊಂಡು ಇಳಿದ.

"ಅಣ್ಣ, ನಂದು ಓಟು ಊರಾಗ ಐತಿ, ಬಾಗಲಕೋಟಿ ಕಡೆ. ಇಲ್ಲಿ ಬರೇ ಬಾಡಿಗಿ ಐತಿ ನೋಡ್ರಿ."

ಇಡೀ ಬೀದಿ ಇಲ್ಲಿ ಉಣ್ಣುತ್ತೆ, ಓಟು ಮಾತ್ರ ಬೇರೆ ಕಡೆ ಹಾಕುತ್ತೆ! ಹಾಗಾದರೆ ಇಲ್ಲಿನವರೇ ಬೇಕು, ಹಳೇ ಊರಿನವರು, ಬಾಡಿಗೆ ಕೊಡೋರು. ಅವರು ಹಳೇ ಪೇಪರಿಗೆ ಇಳಿಯಲ್ಲ. ರಾಗ ಬದಲಾಯಿಸಿದೆ. "ದಂಟೂಊಊ, ಪಾಲಾಆಕ್, ಮೆಂತ್ಯಾಆಆ, ತಾಜಾ ಸೊಪ್ಪೇಏಏ!"

ಆ ಡೆಲಿವರಿ ಹುಡುಗನ ಬಿಲ್ಡಿಂಗಿನ ನೆಲಮಹಡಿಯಿಂದಲೇ ಗೌರಮ್ಮ ಬಂದರು. ಬಿಲ್ಡಿಂಗಿನ ಓನರ್. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಬುಟ್ಟಿ.

"ಎಲ್ಲೋ ಸೊಪ್ಪು?"

"ಸೊಪ್ಪಿಲ್ಲ ಆಂಟಿ. ನಿಮ್ಮ ಓಟು ಎಲ್ಲಿದೆ?"

"ಸೊಪ್ಪಿಲ್ದೆ ಯಾಕೋ ಬಡ್ಕೋತೀಯಾ? ನಮ್ಮಾವನ ಕಾಲದಿಂದ ಇಲ್ಲೇ ಓಟು. ಇದೆಲ್ಲ ನಮ್ಮ ರಾಗಿ ಹೊಲ. ಮೊದಲು ಸೊಪ್ಪು ಎಲ್ಲಿ ಹೇಳು."

ಟೀಚರ್ ಮುಂದೆ ಬಂದು ಸಂಖ್ಯೆ ನೋಡಿದರು. ಗ್ರಾಮಾಂತರ! ನಾನು ಬೀದಿಯಲ್ಲೇ ಒಂದು ಸುತ್ತು ಕುಣಿದೆ. ಟೀಚರ್ ಕುಣಿಯಲಿಲ್ಲ. ಕೂತು ಎಲ್ಲವನ್ನೂ ಹೇಳಿದರು, ಕೊನೆಗೆ, "ಮುಚ್ಚಿಡಲ್ಲ ಗೌರಮ್ಮನೋರೆ. ಸೂಚಕರು ಯಾರು ಅಂತ ಎಲ್ಲರಿಗೂ ಕಾಣುತ್ತೆ. ನಿಮ್ಮ ಓಟು ಮಾತ್ರ ಗುಟ್ಟು. ಸಹಿ ಹಾಕಿದ್ರೂ ನನಗೇ ಓಟು ಹಾಕಬೇಕು ಅಂತಿಲ್ಲ" ಅಂದರು.

ನಾನು ಟೀಚರನ್ನ ತಿವಿದೆ. ಇಷ್ಟು ಸತ್ಯ ಈಗ ಯಾಕೆ ಬೇಕಿತ್ತು?

ಗೌರಮ್ಮ ಬುಟ್ಟಿ ಕೆಳಗಿಟ್ಟರು. "ನಮ್ಮೆಜಮಾನ್ರು ದೊಡ್ಡ ಪಾರ್ಟಿಗೆ ಓಡಾಡೋರು. ನನ್ನ ಹೆಸರು ನಿಮ್ಮ ಕಾಗದದಲ್ಲಿ ಬಂತು ಅಂದ್ರೆ ಮನೇಲಿ ರಾಮಾಯಣ ಆಯ್ತದೆ."

"ಹಾಗಾದ್ರೆ ಬೇಡ" ಅಂದುಬಿಟ್ಟರು ಟೀಚರ್! ಎದ್ದೇಬಿಟ್ಟರು. ಅನ್ವರಣ್ಣ ಹಣೆ ಚಚ್ಚಿಕೊಂಡರು. ನಾನು ಯಾರ ಧ್ವನಿಯಲ್ಲಿ ಅಳಬೇಕು ಅಂತ ಯೋಚಿಸ್ತಿದ್ದೆ.

"ನಿಂತ್ಕೊಳಿ ಮೇಡಂ" ಅಂದರು ಗೌರಮ್ಮ. "ನನ್ನ ಸಹಿನ ಇಷ್ಟು ವರ್ಷದಲ್ಲಿ ಒಂದೇ ಸಲ ಕೇಳಿದ್ದು. ಹೊಲ ಲೇಔಟಿಗೆ ಹೋಗುವಾಗ. 'ಇಲ್ಲಿ ಹಾಕು, ಇಲ್ಲಿ ಹಾಕು' ಅಂದ್ರು. ಓದಕ್ಕೆ ಬರುತ್ತೆ ನಂಗೆ, ಏಳನೇ ಕ್ಲಾಸು. ಓದು ಅಂತ ಯಾರೂ ಅನ್ಲಿಲ್ಲ. ನೀವು ಕೊಡಿ ಇಲ್ಲಿ. ಓದಿ ಹಾಕ್ತೀನಿ."

ಓದಿದರು. ಮೊದಲಿಂದ! ಬೆರಳಿಟ್ಟು, ಗಟ್ಟಿಯಾಗಿ, ಒಂದೊಂದೇ ಅಕ್ಷರ. "ಲೋ-ಕ-ಸ-ಭೆ-ಯ ಚು-ನಾ-ವ-ಣೆ-ಗೆ..." ನಾನು ಒಂದು ಕಾಲಿನ ಮೇಲೆ ನಿಂತೆ, ಇನ್ನೊಂದು ಕಾಲಿನ ಮೇಲೆ ನಿಂತೆ. ಅನ್ವರಣ್ಣ ಆಟೋ ಸ್ಟಾರ್ಟ್ ಮಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದರು. ಟೀಚರ್ ಮಾತ್ರ ಕ್ಲಾಸಿನಲ್ಲಿ ನಿಂತ ಹಾಗೆ ನಿಂತು, ಒಂದು ಕಡೆ ಗೌರಮ್ಮ ತಡವರಿಸಿದಾಗ "ಕ್ಷೇತ್ರದ" ಅಂತ ಹೇಳಿಕೊಟ್ಟರು. ಪೂರ್ತಿ ಓದಿ ಮುಗಿಸಿ ಗೌರಮ್ಮ ಸಹಿ ಹಾಕಿದರು. ನನ್ನನ್ನ ನೋಡಿ, "ರಾಮಾಯಣ ಆದ್ರೆ ಆಗ್ಲಿ. ನೀನು ನಾಳೆ ಸೊಪ್ಪು ತಂದುಕೊಡು" ಅಂದರು.

ಆಮೇಲೆ ಮೈಸೂರು ರಸ್ತೆ ಕಂಡಿದ್ದನ್ನ ಅದೇ ಹೇಳಬೇಕು. ಎಕ್ಸ್‌ಪ್ರೆಸ್‌ವೇಗೆ ಆಟೋ ಬಿಡಲ್ಲ, ಸರ್ವೀಸ್ ರಸ್ತೆಯೇ ಗತಿ. ಕೆಂಗೇರಿ ದಾಟಿದೆವು, ಬಿಡದಿ ದಾಟಿದೆವು. ಅನ್ವರಣ್ಣನ ಆಟೋ ಹುಟ್ಟಿದ ಮೇಲೆ ಅಷ್ಟು ಜೋರಾಗಿ ಓಡಿರಲಿಲ್ಲ. ಟೀಚರ್ ಫೈಲನ್ನ ಎದೆಗವಚಿಕೊಂಡು, "ನಿಧಾನ ಅನ್ವರ್, ಬದುಕಿದ್ರೆ ತಾನೆ ಅಭ್ಯರ್ಥಿ?" ಅಂತಿದ್ದರು. ನಾನು ಎಡಕ್ಕೆ ತಲೆ ಹೊರಗೆ ಹಾಕಿ ಆಂಬುಲೆನ್ಸ್ ಸದ್ದು ಮಾಡಿದೆ. ಇಬ್ಬರು ಜಾಗ ಬಿಟ್ಟರು! ಮೂರನೆಯವರು ಆಟೋ ನೋಡಿ ಬೈದರು. ಟೀಚರ್ ನನ್ನ ಕಿವಿ ಹಿಂಡಿ, "ಅದೊಂದು ಬೇಡ" ಅಂದರು. ಆ ವಯಸ್ಸಿನಲ್ಲೂ ಬೆರಳಿಗೆ ಏನು ಬಲ ಅಂತೀರಿ.

ಚುನಾವಣಾಧಿಕಾರಿ ಕಚೇರಿಗೆ ಇನ್ನೂ ದೂರ ಇರುವಾಗಲೇ ಪೊಲೀಸರು ಆಟೋ ನಿಲ್ಲಿಸಿದರು. ಗಾಡಿ ಒಳಗೆ ಬಿಡಲ್ಲ. ಎದುರಿಗೆ ಒಬ್ಬ ದೊಡ್ಡ ಅಭ್ಯರ್ಥಿಯ ಮೆರವಣಿಗೆ: ಡೋಲು, ಹೂವು, ಸೇಬಿನ ಹಾರ. ಅದರ ಮಧ್ಯೆ ಕಾಟನ್ ಸೀರೆಯ ಟೀಚರ್ ತಲೆ ಬಗ್ಗಿಸಿಕೊಂಡು, ಕೊಡೆಯ ತುದಿಯಿಂದ "ಸ್ವಲ್ಪ ದಾರಿ, ಸ್ವಲ್ಪ ದಾರಿ" ಅಂತ ನುಗ್ಗಿಹೋದರು. ಡೋಲಿನವರೂ ದಾರಿ ಬಿಟ್ಟರು, ಟೀಚರ್ ಅಂದರೆ ಹಾಗೆ. ನಾನು ಗೇಟಿನ ಹೊರಗೆ ನಿಂತು, ಇದ್ದಬದ್ದ ದೇವರಿಗೆಲ್ಲ ಅವರವರ ಪೂಜಾರಿಗಳ ಧ್ವನಿಯಲ್ಲೇ ಬೇಡಿಕೊಂಡೆ. ಬಾಗಿಲು ಮುಚ್ಚೋಕೆ ಸ್ವಲ್ಪ ಮುಂಚೆ ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ಬಂದವರೇ, "ತಗೊಂಡ್ರು" ಅಂದರು. ಮರುದಿನ ಪರಿಶೀಲನೆಯಲ್ಲಿ ನಾಮಪತ್ರ ಕ್ರಮಬದ್ಧ ಅಂತ ಆಯ್ತು. ಅವತ್ತು ಅನ್ವರಣ್ಣ ಬೀದಿಗೆಲ್ಲ ಬಾದಾಮಿ ಹಾಲು ಕುಡಿಸಿದರು. ನಾನು ಗೌರಮ್ಮನ ಮನೆಗೆ ಮೆಂತ್ಯಸೊಪ್ಪು ಕೊಟ್ಟುಬಂದೆ. ರಾಮಾಯಣ ಆಗಿತ್ತಂತೆ, "ಯುದ್ಧಕಾಂಡ ನಾನೇ ಗೆದ್ದೆ" ಅಂದರು.

ಟೀಚರ್ ಗುರುತಾಗಿ ಕಪ್ಪು ಹಲಗೆ ಕೇಳಿದ್ದರು, ಸಿಕ್ಕಿದ್ದು ಹಸಿ ಮೆಣಸಿನಕಾಯಿ. ನನ್ನ ಗಂಟಲಿಗೆ ಅದಕ್ಕಿಂತ ಸುಲಭದ ಕೂಗು ಬೇಕೇ? ಒಂದು ದಿನ ನನ್ನ ಧ್ವನಿ ಕದ್ದ ಆ ದೊಡ್ಡ ಅಭ್ಯರ್ಥಿಯ ಆಟೋ ಎದುರು ಬಂತು. ಅದರಲ್ಲಿ ನನ್ನ ಧ್ವನಿ, ಇದರಲ್ಲಿ ನಾನು! ಬಾಲ್ಕನಿಯಿಂದ ಒಬ್ಬರು, "ಏನಪ್ಪ, ಎರಡೂ ಕಡೆ ನೀನೇನಾ?" ಅಂದರು. "ಕೆಮ್ಮೋನು ನಾನು ಸಾರ್" ಅಂದೆ. ಫಲಿತಾಂಶ ಕೇಳಬೇಡಿ. ಠೇವಣಿಯ ಸುದ್ದಿಯನ್ನಂತೂ ಎತ್ತಲೇಬೇಡಿ.

ನನಗೆ ಬೇಕಾದ ಫಲಿತಾಂಶ ಮತದಾನದ ದಿನವೇ ಬಂತು. ಟೀಚರ್ ಓಟು ಬಸವೇಶ್ವರನಗರದಲ್ಲಿ. ಅಲ್ಲಿನ ಯಂತ್ರದಲ್ಲಿ ಯಾರ್ಯಾರೋ ಇರ್ತಾರೆ, ಅವರೇ ಇರಲ್ಲ. ತಮ್ಮ ಹೆಸರಿನ ಮುಂದಿನ ಬಟನ್ ಒತ್ತೋಕೆ ಅವರಿಗೇ ಬರಲ್ಲ. ನಾನು ಮಲ್ಲತ್ತಹಳ್ಳಿಯ ಬೂತಿನಲ್ಲಿ ಸಾಲಿನಲ್ಲಿ ನಿಂತು, ಒಳಗೆ ಹೋಗಿ, ಶಾಯಿ ಹಾಕಿಸಿಕೊಂಡು, ಓಟು ಹಾಕಿ ಹೊರಗೆ ಓಡಿಬಂದು ಫೋನ್ ಮಾಡಿದೆ.

"ಟೀಚರ್, ನಾನು ಒತ್ತಿದ್ದು..."

"ಬಾಯ್ಮುಚ್ಚು! ಅದು ಗುಪ್ತ ಮತದಾನ. ಎಷ್ಟು ಸಲ ಹೇಳಿಕೊಟ್ಟಿದೀನಿ? ಅದು ಬೇಡ. ಹೆಸರು ಇತ್ತಾ, ಇಲ್ವಾ, ಅಷ್ಟು ಹೇಳು."

"ಇತ್ತು ಟೀಚರ್. ಫೋಟೋನೂ ಇತ್ತು, ಮೆಣಸಿನಕಾಯೀನೂ ಇತ್ತು. ಕೊನೇಲಿತ್ತು. ನೋಟಾಗಿಂತ ಒಂದು ಮೇಲೆ."

 

"ನಿನ್ನ ಹಿಂದೆ ಸಾಲಲ್ಲಿ ಎಷ್ಟು ಜನ ಇದಾರೆ?"

"ರಸ್ತೆವರೆಗೂ ಇದಾರೆ ಟೀಚರ್. ಯಾಕೆ?"

"ಅಷ್ಟೂ ಜನ ಈಗ ಒಳಗೆ ಹೋಗಿ ನೋಡ್ತಾರಲ್ಲೋ" ಅಂದರು, "ಯಾರು ಬೇಕಾದರೂ ಅಂದ್ರೆ ಯಾರು ಅಂತ."